ಏಳನೇ ನಂಬರ್ ಬೋಟಿನ ಹನ್ನೆರಡು ಗಂಟೆ

ಮಾರ್ಚ್ ೩, ಸೋಮವಾರ

ಏಳನೇ ನಂಬರ್ ಬೋಟಿಗೆ ಕೊನೆಗೂ ಬಿಡುಗಡೆಯಂತೆ. ಮೂವತ್ತೊಂದು ವರ್ಷ ಸುಂಕದ ಇಲಾಖೆಗಾಗಿ ಸಮುದ್ರದಲ್ಲಿ ಗಸ್ತು ತಿರುಗಿ ಸವೆದುಹೋದ ಬೋಟನ್ನು ಈ ತಿಂಗಳ ಇಪ್ಪತ್ತೆಂಟಕ್ಕೆ ಸೇವೆಯಿಂದ ಇಳಿಸಿ ಗುಜರಿಗೆ ಹಾಕುತ್ತಾರೆ. ಗುಜರಿಗೆ ಮುಂಚೆ ಒಂದು ಬೀಳ್ಕೊಡುಗೆ, ಬೀಳ್ಕೊಡುಗೆಗೆ ಒಂದು ಪುಸ್ತಕ. ಮೇಡಂ ಕರೆಸಿ, "ಬೋಟಿನ ಸೇವಾ ಚರಿತ್ರೆ ನೀವೇ ಬರೀಬೇಕು. ಅದರಲ್ಲಿ ಕೆಲಸ ಮಾಡಿದವರು ಅಂತ ಕಚೇರೀಲಿ ಉಳಿದಿರೋದು ನೀವೊಬ್ಬರೇ. ನಿಮ್ಮ ಅಕ್ಷರಾನೂ ಮುತ್ತಿನ ಹಾಗಿದೆ" ಅಂದರು. ಎಲ್ಲವನ್ನೂ ಟೈಪ್ ಮಾಡುವ ಕಾಲದಲ್ಲಿ ಅಕ್ಷರ ಕಟ್ಟಿಕೊಂಡು ಏನಾಗಬೇಕೋ! ಹೂಂ ಅಂದೆ. ಇಪ್ಪತ್ತು ವರ್ಷದಿಂದ ನಾನು ಈ ಕಚೇರಿಯಲ್ಲಿ ಮಾಡಿರುವುದು ಅದನ್ನೇ.

ಬೆನ್ನು ಬೇರೆ ಹಿಡಿದುಕೊಂಡಿದೆ. ನಾಳೆ ಬರೆಯುವಷ್ಟು ತ್ರಾಣ ಇರುವುದಿಲ್ಲ. ನಾಳೆಯದನ್ನೂ ಇವತ್ತೇ ಬರೆದಿಟ್ಟರೆ ಒಂದು ಕೆಲಸ ಮುಗಿದ ಹಾಗೆ.

ಮಾರ್ಚ್ ೪, ಮಂಗಳವಾರ (ಸೋಮವಾರವೇ ಬರೆದದ್ದು)

ಕಚೇರಿಗೆ ಹೋದೆ. ಹಳೆಯ ಪುಸ್ತಕಗಳ ಧೂಳು ಒರೆಸಿದೆ. ಬೆನ್ನು ನೋವು. ವಿಶೇಷವೇನಿಲ್ಲ.

ಮಾರ್ಚ್ ೬, ಗುರುವಾರ

ದಾಖಲೆಗಳು ಎರಡು ಟ್ರಂಕಿನಲ್ಲಿವೆ. ಒಂದರಲ್ಲಿ ಲಾಗ್ ಪುಸ್ತಕಗಳು: ಗಂಟೆಗಂಟೆಗೂ ಬೋಟು ಎಲ್ಲಿತ್ತು, ಗಾಳಿ ಹೇಗಿತ್ತು, ಕಣ್ಣಿಗೆ ಏನು ಬಿತ್ತು ಎಂದು ಬರೆದದ್ದು. ಇನ್ನೊಂದರಲ್ಲಿ ವರ್ಕ್‌ಶಾಪಿನಿಂದ ಬಂದ ಎಂಜಿನ್ ಪುಸ್ತಕಗಳು. ಅದರ ಮುಚ್ಚಳ ತುಕ್ಕು ಹಿಡಿದು ಏಳುತ್ತಿಲ್ಲ. ಏಳದಿದ್ದರೆ ಒಳ್ಳೆಯದೇ, ಅಷ್ಟು ಓದುವುದು ತಪ್ಪಿತು.

'ಸಾಧನೆಗಳು' ಎಂಬ ಅಧ್ಯಾಯ ಮೊದಲು ಮುಗಿಸಿದೆ. ಮೂವತ್ತೊಂದು ವರ್ಷದಲ್ಲಿ ಹಿಡಿದ ಕಳ್ಳಸಾಗಣೆ ದೋಣಿಗಳು ಹದಿನೇಳು. ಅದರಲ್ಲಿ ಆರು ಎಂಜಿನ್ ಕೆಟ್ಟು ನಿಂತಿದ್ದವು. ಎರಡು, ಕುಡಿಯುವ ನೀರು ಮುಗಿದು ತಾವಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದಿದ್ದವು. ಕಳ್ಳಸಾಗಣೆಯವರು ನಮ್ಮ ಬೋಟಿಗೆ 'ಅಜ್ಜಿ' ಎಂದು ಹೆಸರಿಟ್ಟಿದ್ದರು. ಅದೂ ಬೋಟು ಹೊಸದಾಗಿದ್ದಾಗ. ಇದನ್ನೆಲ್ಲ ಬರೆಯುವ ಹಾಗಿಲ್ಲವಲ್ಲ, 'ಹದಿನೇಳು ಯಶಸ್ವಿ ಕಾರ್ಯಾಚರಣೆಗಳು' ಎಂದು ಬರೆದು ಕೈತೊಳೆದುಕೊಂಡೆ.

ಆಮೇಲೆ ಕ್ಯಾಪ್ಟನ್‌ಗಳ ಪಟ್ಟಿ. ಒಟ್ಟು ಎಂಟು ಜನ. ಮೇಡಂ ನೋಡಿ ಐದನೇ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. "ಇವರಿಗೆ ಶಿಕ್ಷೆ ಆಗಿದೆಯಲ್ಲ, ಇವರದ್ದು ಬಿಡಿ. ಸಮಾರಂಭಕ್ಕೂ ಕರೆಯೋದು ಬೇಡ." ಐದನೆಯವರು ನನ್ನ ಭಾವ, ಅಕ್ಕನ ಗಂಡ. ಅದು ಈಗಿನ ಮೇಡಂಗೆ ಗೊತ್ತಿಲ್ಲ. ಹೂಂ ಅಂದೆ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ಹನ್ನೆರಡಕ್ಕೆ, ಸಮುದ್ರದಲ್ಲಿ ತೇಲುವ ಗುರುತಿನ ಪೀಪಾಯಿಗಳಲ್ಲಿ ಮೂರನೆಯದರ ಹತ್ತಿರ, ಮೀನು ಹಿಡಿಯುವ ದೋಣಿಯೊಂದು ಮಗುಚಿ ಐದು ಜನ ಸತ್ತರು. ಲಾಗ್ ಪುಸ್ತಕದ ಪ್ರಕಾರ ಆ ಹೊತ್ತಿಗೆ ನಮ್ಮ ಬೋಟು ಅಲ್ಲೇ ಇತ್ತು. ವಿಚಾರಣೆಯಲ್ಲಿ ಭಾವ, "ಇದ್ದೆ. ನೋಡಲಿಲ್ಲ" ಅಂದರು. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ. ಅವರನ್ನು ಬೋಟಿನಿಂದ ಇಳಿಸಿ ಉಗ್ರಾಣದ ಬಾಗಿಲು ಕಾಯಲು ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಕಾದರು.

ಮುಗಿದುಹೋದ ಕಥೆ. ಈಗ ಕೆದಕಿದರೆ ಯಾರಿಗೇನು ಬಂತು.

ಮಾರ್ಚ್ ೯, ಭಾನುವಾರ

ಎಲ್ಲ ಭಾನುವಾರದ ಹಾಗೆ ಅಕ್ಕನ ಮನೆಗೆ ಊಟಕ್ಕೆ ಹೋದೆ. ಅವಳಿಗೆ ತವರು ಅಂತ ಉಳಿದಿರುವುದು ನಾನೊಬ್ಬನೇ.

ಅವತ್ತು ಸತ್ತವರಲ್ಲಿ ಒಬ್ಬ ಅಕ್ಕನ ಗೆಳತಿ ಟೈಲರಮ್ಮನ ಗಂಡ. ಆ ವಾರವೇ ಟೈಲರಮ್ಮ ಅಕ್ಕನ ಬಾಗಿಲಿಗೆ ಬಂದು, "ನಿನ್ನ ಗಂಡ ನೋಡ್ತಾ ನಿಂತಿದ್ದನಲ್ಲೇ" ಅಂದು ಹೋದವಳು ಊರನ್ನೇ ಬಿಟ್ಟಳು. ಅಂದಿನಿಂದ ಅಕ್ಕ ಭಾವನ ಜೊತೆ ಮಾತು ಬಿಟ್ಟಿದ್ದಾಳೆ. ಬಟ್ಟೆ ಒಗೆದುಕೊಡುತ್ತಾಳೆ, ಹೊತ್ತಿಗೆ ಸರಿಯಾಗಿ ಮಾತ್ರೆ ತಂದಿಡುತ್ತಾಳೆ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಾಳೆ, ಭಾನುವಾರ ನಾನಿದ್ದರೆ ನನಗೆ.

"ಅನ್ನ ಆರ್ತಾ ಇದೆ ಅಂತ ಹೇಳೋ" ಅಂದಳು. ಭಾವ ಎರಡು ಮೊಳ ದೂರದಲ್ಲಿ ಕೂತಿದ್ದರು.

"ಭಾವ, ಅನ್ನ ಆರ್ತಾ ಇದೆಯಂತೆ."

"ಉಪ್ಪು ಸ್ವಲ್ಪ ಬೇಕು ಅಂತ ಹೇಳಪ್ಪಾ."

"ಅಕ್ಕ, ಉಪ್ಪು."

"ಡಾಕ್ಟರು ಬೇಡ ಅಂದಿರೋದು ಮರೆತುಹೋಯ್ತಾ ಅಂತ ಕೇಳು."

ಕಸ್ಟಮ್ಸ್‌ನವನಾಗಿ ಆ ಕಡೆಯ ಸರಕನ್ನು ಈ ಕಡೆಗೆ ದಾಟಿಸುವ ಕಸುಬು ನನ್ನದು. ನಗು ಬಂತು, ನುಂಗಿಕೊಂಡೆ. ಮನೆಗೆ ಬಂದ ಮೇಲೆ ಊಟ ಜೀರ್ಣವಾಗಲಿಲ್ಲ. ಅಕ್ಕ ಎಣ್ಣೆ ಜಾಸ್ತಿ ಹಾಕುತ್ತಾಳೆ.

ಮಾರ್ಚ್ ೧೨, ಬುಧವಾರ

ಆ ದಿನದ ಪುಟ ಕೈಗೆ ಸಿಕ್ಕಿತು. ನನ್ನದೇ ಅಕ್ಷರ, ಒಂದು ಚಿತ್ತೂ ಇಲ್ಲ. 'ಮಧ್ಯಾಹ್ನ ೧೨. ಮೂರನೇ ಪೀಪಾಯಿ ಬಳಿ. ಸಮುದ್ರ ಶಾಂತ. ವಿಶೇಷವೇನಿಲ್ಲ.' ಕೆಳಗೆ ಭಾವನ ಸಹಿ.

ಬೇರೆಲ್ಲೂ ಬರೆಯದ್ದನ್ನು ಇಲ್ಲಾದರೂ ಬರೆದುಬಿಡುತ್ತೇನೆ. ಮಧ್ಯಾಹ್ನ ಹನ್ನೆರಡರ ಆ ಸಾಲನ್ನು ನಾನು ಬರೆದದ್ದು ಬೆಳಗ್ಗೆ ಏಳಕ್ಕೆ, ಬೋಟು ಕಟ್ಟುವ ದಕ್ಕೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾ. ಬೋಟು ಹೊರಟರೆ ಅಲುಗಾಟಕ್ಕೆ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ, ಮೇಲಿನವರು ಪುಸ್ತಕ ನೋಡಿ ಬೈಯುತ್ತಾರೆ. ಗಸ್ತಿನ ದಾರಿ ದಿನವೂ ಅದೇ, ಯಾವ ಗಂಟೆಗೆ ಯಾವ ಪೀಪಾಯಿ ಎಂದು ಬಾಯಿಪಾಠ. ಹಾಗಾಗಿ ಇಡೀ ದಿನದ ಲಾಗನ್ನು ಬೆಳಗ್ಗೆಯೇ ಬರೆದು, ಕ್ಯಾಪ್ಟನ್ ಸಹಿ ಹಾಕಿ, ಹೊರಡುವುದು ರೂಢಿ. ದಾರಿ ತಪ್ಪಿದ ದಿನ ಆ ಸಾಲುಗಳನ್ನು ಹೊಡೆದು ತಿದ್ದಬೇಕು. ಎಲ್ಲ ಬೋಟಿನವರೂ ಹೀಗೇ ಮಾಡುತ್ತಿದ್ದರು.

ಅವತ್ತು ಹನ್ನೆರಡಕ್ಕೆ ನಾವು ಮೂರನೇ ಪೀಪಾಯಿಯ ಹತ್ತಿರ ಇರಲೇ ಇಲ್ಲ. ಹತ್ತು ಗಂಟೆಗೆ ಎಂಜಿನ್ನಿಗೆ ನೀರು ಹಾಯಿಸುವ ಪಂಪು ಕೆಟ್ಟು, ಅಲ್ಲಿಂದ ಎಂಟು ಮೈಲಿ ದೂರದ ನಡುಗಡ್ಡೆಯ ಮರೆಯಲ್ಲಿ ಲಂಗರು ಹಾಕಿ ಕೂತಿದ್ದೆವು. ಸಂಜೆ ಕುಂಟುತ್ತಾ ದಕ್ಕೆಗೆ ಬಂದರೆ ಇಬ್ಬರು ಅಧಿಕಾರಿಗಳು ಕಾದು ನಿಂತಿದ್ದಾರೆ. ದೋಣಿ ಮಗುಚಿದ ಸುದ್ದಿ ನಮಗೆ ಗೊತ್ತಾದದ್ದೇ ಆಗ. ಪುಸ್ತಕವನ್ನು ನನ್ನ ಕಂಕುಳಿಂದಲೇ ಎಳೆದುಕೊಂಡರು.

ಸುಳ್ಳು ಲಾಗ್ ಎಂದು ತಿಳಿದರೆ ಬರೆದವನ ಕೆಲಸ ಹೋಗುತ್ತದೆ. ಭಾವ ಹೇಳಿಸಿ ಕೊಡಿಸಿದ ಕೆಲಸಕ್ಕೆ ನಾನು ಸೇರಿ ಆರು ತಿಂಗಳಾಗಿತ್ತು, ಹೆಂಡತಿ ಬಸುರಿ. ಭಾವ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, "ಅಲ್ಲೇ ಇದ್ದೆವು. ನಾನು ನೋಡಲಿಲ್ಲ" ಅಂದರು. ನಾನು ಸುಮ್ಮನಿದ್ದೆ. ಎಂಜಿನ್ ನೋಡಿಕೊಳ್ಳುತ್ತಿದ್ದ ಗ್ರೀಸ್ ಮಾಮನೂ ಸುಮ್ಮನಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷ. ಈಗ ಗೊತ್ತಿರುವುದು ಭಾವನಿಗೆ ಮತ್ತು ನನಗೆ.

ಎಲ್ಲ ಬೋಟಿನವರೂ ಹೀಗೇ ಮಾಡುತ್ತಿದ್ದರು.

ಮಾರ್ಚ್ ೧೩, ಗುರುವಾರ (ಬುಧವಾರವೇ ಬರೆದದ್ದು)

ಕಚೇರಿಗೆ ಹೋದೆ. ಕ್ಯಾಪ್ಟನ್‌ಗಳ ಅಧ್ಯಾಯ ಮುಗಿಸಿದೆ. ವಿಶೇಷವೇನಿಲ್ಲ.

ಇಲ್ಲ. ಹೋಗಲಿಲ್ಲ. ಮೇಲಿನ ಸಾಲು ಹೊಡೆದುಹಾಕಬೇಕು. ಬೆಳಗ್ಗೆ ಚಪ್ಪಲಿ ಮೆಟ್ಟಿದವನು ಹೊಸ್ತಿಲ ಮೇಲೆ ಕೂತುಬಿಟ್ಟೆ. "ಜ್ವರಾನಾ?" ಅಂತ ಇವಳು ಹಣೆ ಮುಟ್ಟಿ ನೋಡಿದಳು. "ಸುಸ್ತು" ಅಂದೆ. "ಕೂತು ಬರೆಯೋ ಕೆಲಸಕ್ಕೆ ಎಂಥಾ ಸುಸ್ತು?" ಅಂದಳು. ನ್ಯಾಯವಾದ ಪ್ರಶ್ನೆ.

ಮಾರ್ಚ್ ೧೬, ಭಾನುವಾರ

ಬೀಳ್ಕೊಡುಗೆಯ ಸುದ್ದಿ ಭಾವನ ಕಿವಿಗೆ ಬಿದ್ದಿದೆ. ಕ್ಷೌರದ ಅಂಗಡಿಯಲ್ಲಿ ಯಾರೋ ಹೇಳಿದರಂತೆ.

"ಅಜ್ಜಿಗೆ ಬಣ್ಣ ಬಳಿದಿದ್ದಾರೇನೋ?" ಎಂದು ಕೇಳಿದರು.

"ಬಲಗಡೆ ಬಳಿದಿದ್ದಾರೆ ಭಾವ. ಎಡಗಡೆ ದಕ್ಕೆಗೆ ತಾಗಿಕೊಂಡಿರುತ್ತಲ್ಲ, ಕಾಣಲ್ಲ ಅಂತ ಬಿಟ್ಟಿದ್ದಾರೆ."

ಬಾಯ್ತುಂಬ ನಕ್ಕರು. ಆಮೇಲೆ ಸ್ವರ ತಗ್ಗಿಸಿ, "ಹಳೇ ಕ್ಯಾಪ್ಟನ್‌ಗಳನ್ನೆಲ್ಲ ಕರೀತಾರಂತಲ್ಲ. ನನ್ನ ಬಿಳಿ ಷರಟಿಗೆ ಒಂದು ಇಸ್ತ್ರಿ ಹಾಕ್ಬೇಕಿತ್ತು ಅಂತ ನಿಮ್ಮಕ್ಕನಿಗೆ ಹೇಳು" ಅಂದರು.

ಅಕ್ಕ ಅಡುಗೆಮನೆಯಿಂದಲೇ ಅಂದಳು, "ಎಲ್ಲಿಗಂತೆ? ಮರ್ಯಾದೆ ಕಳ್ಕೊಂಡ ಜಾಗಕ್ಕೇ ಮತ್ತೆ ಹೋಗ್ಬೇಕಂತಾ?"

ಅದನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ, ಭಾವನ ಕಿವಿ ಇನ್ನೂ ಚುರುಕಾಗಿದೆ. ಅವರು ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಗೆ ಸರಿಸುತ್ತಾ ಕೂತರು. ಅವರಿಗೆ ಕರೆ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಯಿತು. ಯಾಕೆಂದು ಬಿಡಿಸಿ ಬರೆಯುವಷ್ಟು ಶಕ್ತಿ ಈಗಿಲ್ಲ.

ಮಾರ್ಚ್ ೧೮, ಮಂಗಳವಾರ

ಎರಡನೇ ಟ್ರಂಕಿನ ಮುಚ್ಚಳವನ್ನು ಉಳಿ, ಸುತ್ತಿಗೆ ತಂದು ಎಬ್ಬಿಸಿದೆ. ಪುಸ್ತಕ ಬರೆಯಲು ಅದು ಬೇಕಾಗಿರಲಿಲ್ಲ. ಸುಮ್ಮನೆ ಎಬ್ಬಿಸಿದೆ. ಬೆನ್ನಿನ ಕಥೆ ಕೇಳುವುದೇ ಬೇಡ.

ಗ್ರೀಸ್ ಮಾಮನ ಎಂಜಿನ್ ಪುಸ್ತಕ. ಅವನು ಎಂದೂ ಮುಂಚಿತವಾಗಿ ಬರೆದವನಲ್ಲ. ಎಂಜಿನ್ ಹೇಳದೆ ತಾನು ಏನು ಬರೆಯಲಿ ಅನ್ನುತ್ತಿದ್ದ. ಆ ತಾರೀಖಿನ ಪುಟದಲ್ಲಿ ಹೆಬ್ಬೆರಳಿನ ಎಣ್ಣೆ ಗುರುತು, ಪಕ್ಕದಲ್ಲಿ ಸೊಟ್ಟ ಅಕ್ಷರ: '೧೦-೧೦ ಪಂಪು ನಿಂತಿತು. ೧೦-೨೫ ಎಂಜಿನ್ ಬಂದ್, ನಡುಗಡ್ಡೆ ಹಿಂದೆ. ೩-೪೦ ಚಾಲೂ.' ಹತ್ತೊಂಬತ್ತು ವರ್ಷ ಈ ಪುಸ್ತಕ ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿತ್ತು. ಲಾಗ್ ಪುಸ್ತಕ ನೋಡಿದವರು ಇದನ್ನು ನೋಡಲಿಲ್ಲ, ಇದನ್ನು ನೋಡಿದವರಿಗೆ ಲಾಗ್ ಪುಸ್ತಕ ಬೇಕಿರಲಿಲ್ಲ.

ಇಪ್ಪತ್ತೆಂಟು ಕಳೆದ ಮೇಲೆ ಎರಡೂ ಟ್ರಂಕು ರದ್ದಿಗೆ. ಆದೇಶ ಆಗಲೇ ಬಂದಿದೆ. ಆಮೇಲೆ ಭಾವ ಅಲ್ಲಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ನನ್ನ ನಾಲಿಗೆ ಮಾತ್ರ. ಅದರ ಯೋಗ್ಯತೆ ನನಗೆ ಗೊತ್ತು.

ಮಾರ್ಚ್ ೧೯, ಬುಧವಾರ

ಹನ್ನೆರಡನೇ ತಾರೀಖು ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೆ. ಲಂಗರು ಹಾಕಿದ ಮೇಲೆ, ಹನ್ನೊಂದರ ಹೊತ್ತಿಗೆ, ಭಾವ ನನ್ನನ್ನು ಕರೆದು, "ಲಾಗ್ ತಿದ್ದಿಬಿಡಪ್ಪಾ" ಅಂದರು. "ದಡಕ್ಕೆ ಹೋದಮೇಲೆ ತಿದ್ದುತ್ತೀನಿ ಭಾವ" ಅಂದೆ. ಸೋಮಾರಿತನವಲ್ಲ. ಆ ತಿಂಗಳು ಮೇಲಿನವರು ನನ್ನ ಪುಸ್ತಕವನ್ನು ಬೇರೆ ಬೋಟಿನವರಿಗೆ ಮಾದರಿ ಎಂದು ತೋರಿಸಿದ್ದರು. ಅಷ್ಟು ಚೊಕ್ಕಟವಾದ ಪುಟದಲ್ಲಿ ಐದು ಸಾಲು ಹೊಡೆದುಹಾಕಲು ಮನಸ್ಸು ಬರಲಿಲ್ಲ. ದಡದಲ್ಲಿ ಪುಟ ಹರಿದು ಹೊಸದಾಗಿ ಬರೆಯೋಣ ಎಂದಿದ್ದೆ.

ಅಷ್ಟೇ. ಎಲ್ಲ ಬೋಟಿನವರೂ ಇದನ್ನು ಮಾಡಿರಲಿಲ್ಲ. ನಾನೊಬ್ಬನೇ ಮಾಡಿದ್ದು.

ಮಾರ್ಚ್ ೨೧, ಶುಕ್ರವಾರ

ಐದನೇ ಕ್ಯಾಪ್ಟನ್ ಬಗ್ಗೆ ಒಂದೂವರೆ ಪುಟ ಬರೆದೆ. ಹೆಸರು, ಏಳು ವರ್ಷದ ಸೇವೆ, ಪಂಪು, ನಡುಗಡ್ಡೆ, ಬೆಳಗ್ಗೆ ಏಳಕ್ಕೆ ಬರೆದ ಮಧ್ಯಾಹ್ನ ಹನ್ನೆರಡು, ಬರೆದವನು ಯಾರು ಅನ್ನುವುದು, ಎಲ್ಲ ಹಾಕಿದೆ. ಚಿತ್ತು ಬಹಳ ಆಯಿತು. ಹಾಗೇ ತೆಗೆದುಕೊಂಡು ಹೋಗಿ ಮೇಡಂ ಮೇಜಿನ ಮೇಲಿಟ್ಟೆ, ಎರಡೂ ಪುಸ್ತಕದ ಪುಟಗಳ ಜೆರಾಕ್ಸ್ ಸಮೇತ.

ಎರಡು ಸಲ ಓದಿದರು. ಕನ್ನಡಕ ತೆಗೆದು ಕೆಳಗಿಟ್ಟರು. "ಇದು ಸ್ಮರಣ ಸಂಚಿಕೆ ಕಣ್ರೀ. ಇಂಥದ್ದನ್ನ ಹೇಗೆ ಹಾಕೋಕಾಗುತ್ತೆ?"

"ಸಂಚಿಕೆಗೆ ಬೇಡ ಅಂದ್ರೆ ಫೈಲಿಗೆ ಹಾಕಿ ಮೇಡಂ."

"ಫೈಲಿಗೆ ಹೋದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ. ಸುಮ್ಮನೆ ತಲೆ ಮೇಲೆ ಕಲ್ಲು ಎಳ್ಕೊಳ್ತೀರಾ? ಸೋಮವಾರದವರೆಗೆ ಯೋಚನೆ ಮಾಡಿ."

"ಸೋಮವಾರಾನೂ ಇದೇ ಹೇಳ್ತೀನಿ. ಇವತ್ತೇ ತಗೊಳ್ಳಿ."

ಮನೆಗೆ ಬಂದು ಇವಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಅಕ್ಕನಿಗೆ ಹೇಳಿದ್ರಾ?" ಅಂದಳು. ಕಚೇರಿಗೆ ಹೇಳಿದರೆ ಮುಗಿಯಿತು ಅಂದುಕೊಂಡಿದ್ದವನು ನಾನು.

ಮಾರ್ಚ್ ೨೩, ಭಾನುವಾರ

ಊಟವಾದ ಮೇಲೆ ಭಾವನನ್ನು ದಕ್ಕೆಯ ಕಡೆಗೆ ಅಡ್ಡಾಡಲು ಕರೆದುಕೊಂಡು ಹೋದೆ. ಏಳನೇ ನಂಬರ್ ಬೋಟು ಕಾಣುವ ಹಾಗೆ ಕಟ್ಟೆಯ ಮೇಲೆ ಕೂತೆವು. ಅದರ ಬದಿಗೆ ಕಟ್ಟಿದ ಹಳೆಯ ಟೈರುಗಳನ್ನು ಒಬ್ಬ ಬಿಚ್ಚುತ್ತಿದ್ದ. ಭಾವ ಎದ್ದು ಹೋಗಿ ಅವನಿಗೆ ಗಂಟು ಬಿಚ್ಚುವ ಬಗೆ ತೋರಿಸಿ ಬಂದರು.

ಫೈಲಿನ ವಿಷಯ ಹೇಳಿದೆ. ಅವರು ಸಂತೋಷಪಡಲಿಲ್ಲ. "ನಿನಗೆ ಬುದ್ಧಿ ಇದೆಯೇನೋ? ಇಷ್ಟು ವರ್ಷ ಆದ್ಮೇಲೆ ಯಾರಿಗೆ ಬೇಕಿತ್ತು? ಸಹಿ ನಂದೂ ಇತ್ತಲ್ಲ. ನಾನೇನು ಸಾಚಾನಾ?"

"ಅಕ್ಕನಿಗೆ ಹೇಳ್ಬೇಕು ಭಾವ."

"ಅದೊಂದು ಬೇಡ." ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಬೋಟಿನಲ್ಲಿ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. "ನನ್ನ ಜೊತೆ ಅವಳು ಮಾತಾಡಲ್ಲ. ಅವಳಿಗೆ ಮಾತಾಡೋಕೆ ಅಂತ ಇರೋನು ನೀನೊಬ್ಬ. ಭಾನುವಾರ ಬಂತು ಅಂದ್ರೆ ಬೆಳಗ್ಗೆಯಿಂದ ಬಾಗಿಲು ನೋಡ್ತಿರ್ತಾಳೆ. ಅದನ್ನೂ ಕಿತ್ಕೋಬೇಡ."

ಮನೆಗೆ ವಾಪಸ್ಸು ಹೊರಟೆವು. ಹೇಳಬೇಡ ಎಂದು ಭಾವನೇ ಅಂದರಲ್ಲ, ಇನ್ನು ನನ್ನ ಮೇಲೆ ಋಣವಿಲ್ಲ, ಹಾಯಾಗಿ ಮಲಗಬಹುದು ಅಂದುಕೊಂಡೆ. ಅವರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡರು. ನನ್ನ ಭಾವನಿಗೆ ಎಪ್ಪತ್ತೊಂದು. ಇಷ್ಟು ಮುದುಕರಾಗಿದ್ದಾರೆ ಎಂದು ಇವತ್ತೇ ಗಮನಿಸಿದ್ದು.

ಮಾರ್ಚ್ ೨೫, ಮಂಗಳವಾರ

ಕಚೇರಿಗೆ ಅರ್ಧ ದಿನ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಅಕ್ಕ ಹೊರಗಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಭಾವ ಒಳಗೆ ರೇಡಿಯೋ ಹಾಕಿಕೊಂಡು ಕೂತಿದ್ದರು.

"ಏನೋ, ಮಂಗಳವಾರ ದಾರಿ ತಪ್ಪಿ ಬಂದೆ? ಊಟ ಆಯ್ತಾ?" ಅಂದಳು.

ಆಗಿದೆ ಅಂದೆ. ಸುತ್ತಿಬಳಸದೆ ಹೇಳಬೇಕು ಎಂದುಕೊಂಡೇ ಹೋಗಿದ್ದೆ, ಆದರೂ ಪಂಪಿನಿಂದ ಶುರುವಾಯಿತು. ಅಕ್ಕ ಮಡಿಸುತ್ತಲೇ ಇದ್ದಳು. ಬೆಳಗ್ಗೆಯೇ ಲಾಗ್ ಬರೆಯುವುದು, ಭಾವ ತಿದ್ದು ಅಂದದ್ದು, ನಾನು ತಿದ್ದದೇ ಉಳಿದದ್ದು, ದಕ್ಕೆಯಲ್ಲಿ ಅವರು ನನ್ನ ಮುಖ ನೋಡಿ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಗ್ರೀಸ್ ಮಾಮನ ಪುಟದ ಜೆರಾಕ್ಸ್ ಕೊಟ್ಟೆ. ಅದನ್ನು ದೂರ ಹಿಡಿದು ಓದಿದಳು.

"ಹನ್ನೆರಡು ಗಂಟೆಗೆ ಅವರೇನು ಮಾಡ್ತಿದ್ರು?"

"ಪಂಪು ಬಿಚ್ಚಿದ್ವಲ್ಲ, ಮಾಮನಿಗೆ ಟಾರ್ಚ್ ಹಿಡ್ಕೊಂಡು ಹೊಟ್ಟೆ ಮೇಲೆ ಮಲಗಿದ್ರು. ರಿಪೇರಿ ಇನ್ನೂ ಆಗ್ಲಿಲ್ವಾ ಅಂತ ಎರಡು ಸಲ ಮಾಮನಿಗೆ ಬೈದ್ರು."

"ನೋಡ್ತಾ ನಿಂತಿರಲಿಲ್ಲ."

"ಇಲ್ಲ ಅಕ್ಕ."

"ನಿನಗೆ ಗೊತ್ತಿತ್ತು."

ತಲೆಯಾಡಿಸಿದೆ.

"ಪ್ರತಿ ವಾರ ಬಂದು ನಮ್ಮಿಬ್ಬರ ಮಧ್ಯೆ ಕೂತು ಉಂಡೆ ನೀನು. ಅನ್ನ ಆರುತ್ತಂತೆ ಅಂದೆ, ಉಪ್ಪು ಬೇಕಂತೆ ಅಂದೆ." ಅವಳ ಸ್ವರ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು.

ಮಡಿಲಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ರೀ."

ರೇಡಿಯೋ ನಿಂತಿತು.

"ಯಾಕ್ರೀ ನನಗೆ ಹೇಳಲಿಲ್ಲ?"

"ನೀನು ಕೇಳ್ತೀಯ ಅಂತ ಕಾದೆ ಕಣೇ. ಟೈಲರಮ್ಮ ಹೇಳಿದ್ದನ್ನ ನಂಬಿಬಿಟ್ಟೆ, ನನ್ನನ್ನ ಒಂದು ಸಲಾನೂ ಕೇಳಲಿಲ್ಲ. ಆಮೇಲೆ ಇವನ ಮಗು, ಇವನ ಸಂಸಾರ... ಹಾಗೇ ಅಭ್ಯಾಸ ಆಗೋಯ್ತು."

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದು ಕೇಳಿಸಿತು. ನಾನು ಬಿದ್ದ ಬಟ್ಟೆಗಳನ್ನು ಮಡಿಸಿಟ್ಟು, ಚಪ್ಪಲಿ ಹಾಕಿಕೊಂಡು ಬಂದೆ. ಯಾರೂ ಕೂಗಿ ಕರೆಯಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಬೀಳ್ಕೊಡುಗೆ ಆಯಿತು. ಹತ್ತು ನಿಮಿಷದ ಭಾಷಣ ಐವತ್ತು ನಿಮಿಷವಾಯಿತು. ಸಂಚಿಕೆಯಲ್ಲಿ ಭಾವನ ಹೆಸರು ಬಂದಿದೆ, ಏಳು ವರ್ಷದ ಸೇವೆಯೂ ಬಂದಿದೆ. ಉಳಿದದ್ದು ಬಂದಿಲ್ಲ, ಅದು ಫೈಲಿನಲ್ಲಿದೆ. ಮೇಡಂ ತಾವಾಗಿಯೇ ಭಾವನಿಗೆ ಆಹ್ವಾನ ಕಳಿಸಿದ್ದರಂತೆ. ಅವರು ಬರಲಿಲ್ಲ. ಅವರಿಗಿಟ್ಟಿದ್ದ ಕುರ್ಚಿಯಲ್ಲಿ ಫೋಟೋದವನು ತನ್ನ ಚೀಲ ಇಟ್ಟುಕೊಂಡ.

ಮಧ್ಯಾಹ್ನ ಬೋಟನ್ನು ಎಳೆದುಕೊಂಡು ಹೋದರು. ನೋಡಲು ಹೋಗಲಿಲ್ಲ.

ಏಪ್ರಿಲ್ ೬, ಭಾನುವಾರ

ವಿಚಾರಣೆಯ ನೋಟೀಸು ಬಂದಿದೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಏನೆಂದು ಗೊತ್ತಿರುವುದರಿಂದ ಕಷ್ಟವಿಲ್ಲ.

ಅಕ್ಕನ ಫೋನು ಎರಡು ವಾರದಿಂದ ಇಲ್ಲ. ಹೋದ ಭಾನುವಾರ ಮನೆಯಲ್ಲೇ ಉಂಡೆ. ಇವತ್ತು ಬೆಳಗ್ಗೆಯಿಂದ ಕೂತಲ್ಲಿ ಕೂರಲಾಗದೆ ಕೊನೆಗೆ ನಾನೇ ಫೋನ್ ಮಾಡಿದೆ. ಭಾವ ಎತ್ತಿದರು.

"ಹೇಗಿದ್ದೀರಿ ಭಾವ?"

"ಏನು ಹೇಳಲಪ್ಪಾ! ನಿಮ್ಮಕ್ಕ ಹನ್ನೆರಡು ದಿನದಿಂದ ಬಾಯಿ ಮುಚ್ಚಿಲ್ಲ. ಬೆಳಗ್ಗೆ ಎದ್ದರೆ ಶುರು. ನನ್ನ ಷರಟು, ನನ್ನ ಗೊರಕೆ, ಉಗ್ರಾಣದಲ್ಲಿದ್ದಾಗ ಛತ್ರಿ ಕಳೆದುಹಾಕಿದ್ದು, ಎಲ್ಲಾ ಸೇರಿಸಿ ಬೈತಾ ಇದ್ದಾಳೆ. ಅಷ್ಟು ವರ್ಷದ್ದು ಒಟ್ಟಿಗೆ ಬರ್ತಾ ಇದೆ ಕಣಪ್ಪಾ. ನನಗೆ ಮಧ್ಯೆ ಉಸಿರು ಬಿಡೋಕೂ ಬಿಡಲ್ಲ." ಅವರ ದನಿಯಲ್ಲಿ ಮದುವೆಯಾದ ಹೊಸತರ ಹಿಗ್ಗು.

"ಇವತ್ತು ಬರಲಾ ಭಾವ?"

"ಬೇಡಪ್ಪಾ. ನಿನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತಾಳೆ."

ಆಗಲಿ ಅಂದೆ. ಇಷ್ಟು ವರ್ಷದಲ್ಲಿ ನಾನು ಅವರ ಕ್ಷಮೆ ಕೇಳಿಲ್ಲ. ಇಲಾಖೆಗೆ ಹೇಳಿದೆ, ಅಕ್ಕನಿಗೆ ಹೇಳಿದೆ, ಅವರಿಗೆ ಆ ಮಾತು ಹೇಳಿಲ್ಲ. "ಭಾವ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದು ಶುರುಮಾಡಿದೆ. ಅಷ್ಟರಲ್ಲಿ ಒಳಗಿಂದ ಅಕ್ಕ ಏನೋ ಕೂಗಿದಳು.

"ಬಂದೆ ಕಣೇ, ಬಂದೆ" ಅಂದವರು ಫೋನ್ ಇಟ್ಟೇಬಿಟ್ಟರು. ಭಾವನಿಗೆ ಪುರುಸೊತ್ತಿರಲಿಲ್ಲ.